ಲೋ ಕಾರ್ಬ್ ಅಡುಗೆಗೆ ನಮ್ಮ ಸಂತೆಯಲ್ಲೇ ಸಿಗುವ ಸಾಮಾನು

ಈಗೀಗ ನಮ್ಮ ಬೀದಿಯಲ್ಲಿ ಮನೆಗೊಬ್ಬರಿಗೆ ಸಕ್ಕರೆ ಕಾಯಿಲೆ. ಅನ್ನ, ಮುದ್ದೆ ಕಡಿಮೆ ಮಾಡಿ ಅಂತ ಡಾಕ್ಟರು ಹೇಳುತ್ತಾರೆ. ಬೆಂಗಳೂರಿನಲ್ಲಿರುವ ಮಕ್ಕಳು ಮೊಬೈಲಿಗೆ ಲೋ ಕಾರ್ಬ್ ಅಡುಗೆ, ಅಂದರೆ ಪಿಷ್ಟ, ಸಕ್ಕರೆಯಂಥ ಕಾರ್ಬೋಹೈಡ್ರೇಟ್ ಕಡಿಮೆ ಇರುವ ಅಡುಗೆ ಕಳಿಸುತ್ತಾರೆ. ನೋಡಿದರೆ ಬಾದಾಮಿ ಹಿಟ್ಟು, ಜುಕಿನಿ, ಕ್ರೀಮ್ ಚೀಸ್, ಸಿಹಿಗೆ ಸಕ್ಕರೆ ಬದಲು ಹಾಕುವ ಎರಿಥ್ರಿಟಾಲ್ ಅಂತ ಉದ್ದದ ಪಟ್ಟಿ. ಹಾಸನದ ಕಟ್ಟಿನಕೆರೆ ಮಾರ್ಕೆಟ್ ಪೂರ್ತಿ ಸುತ್ತಿದರೂ ಅರ್ಧ ಸಾಮಾನು ಸಿಗುವುದಿಲ್ಲ. ಇಷ್ಟಕ್ಕೇ ಬೇಸರವಾಗಿ ಪಥ್ಯವನ್ನೇ ಕೈಬಿಟ್ಟವರನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ. ಆ ಸಾಮಾನನ್ನು ಯಾಕೆ ಹಾಕಿದ್ದಾರೆ ಅಂತ ಮೊದಲು ಯೋಚಿಸಿ. ಅಂಟಿಗೋ, ಜಿಡ್ಡಿಗೋ, ಸುಮ್ನೆ ತಟ್ಟೆ ತುಂಬುವುದಕ್ಕೋ? ಅದು ಗೊತ್ತಾದರೆ ಅದೇ ಕೆಲಸಕ್ಕೆ ಆಗುವ ಇನ್ನೊಂದು ಪದಾರ್ಥ ಇಲ್ಲೇ ಸಿಗುತ್ತದೆ.

ಏನು ಹಾಕಬಾರದು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಬಾದಾಮಿ ಹಿಟ್ಟು ಸಿಗಲಿಲ್ಲ, ರಾಗಿ ಹಿಟ್ಟು ಹಾಕಿದೆ ಅನ್ನುವವರು ತುಂಬಾ ಜನ. ರಾಗಿ ಒಳ್ಳೆಯದೇ, ಕ್ಯಾಲ್ಸಿಯಂ ಇದೆ, ನಾರೂ ಇದೆ. ಆದರೆ 100 ಗ್ರಾಂ ರಾಗಿ ಹಿಟ್ಟಿನಲ್ಲಿ ಹೆಚ್ಚುಕಡಿಮೆ 70 ಗ್ರಾಂ ಕಾರ್ಬ್ ಇರುತ್ತದೆ. ಬಾದಾಮಿ ಹಿಟ್ಟಿನಲ್ಲಿ ಇರುವುದು 20 ಗ್ರಾಂ ಆಸುಪಾಸು, ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ನಾರು. ನವಣೆ, ಸಾಮೆ, ಜೋಳ ಎಲ್ಲವೂ ರಾಗಿಯ ಪಂಕ್ತಿಯಲ್ಲೇ ಕೂರುತ್ತವೆ. ಬಾಳೆಕಾಯಿ ಪುಡಿ, ಮರಗೆಣಸಿನ ಹಿಟ್ಟೂ ಅಷ್ಟೆ. ಕಡಲೆ ಹಿಟ್ಟು ಇವಕ್ಕಿಂತ ಸ್ವಲ್ಪ ವಾಸಿ, ಆದರೂ ಲೋ ಕಾರ್ಬ್ ಅಲ್ಲ. ಆರೋಗ್ಯಕ್ಕೆ ಒಳ್ಳೆಯದು ಅನ್ನುವುದು ಬೇರೆ, ಕಾರ್ಬ್ ಕಡಿಮೆ ಅನ್ನುವುದು ಬೇರೆ. ಎರಡನ್ನೂ ಒಂದೇ ಅಂದುಕೊಂಡರೆ ಪಥ್ಯ ಮಾಡಿಯೂ ಸಕ್ಕರೆ ಇಳಿಯುವುದಿಲ್ಲ.

ಹಿಟ್ಟಿನ ಜಾಗಕ್ಕೆ ನನ್ನ ಮೊದಲ ಆಯ್ಕೆ ತೆಂಗಿನಕಾಯಿ. ಅರಸೀಕೆರೆ, ಚನ್ನರಾಯಪಟ್ಟಣ ಪಕ್ಕದಲ್ಲಿಟ್ಟುಕೊಂಡು ನಾವು ಕಾಯಿಗೆ ಬಡತನ ಪಡಬೇಕೇ? ಕಾಯಿ ತುರಿದು, ಬಿಸಿನೀರು ಹಾಕಿ ರುಬ್ಬಿ, ಎರಡು ಸಲ ಹಾಲು ಹಿಂಡಿಕೊಳ್ಳಿ. ಹಾಲು ಸಾರಿಗೋ ಕೂಟಿಗೋ ಆಗುತ್ತದೆ. ಹಿಂಡಿ ಉಳಿದ ತುರಿಯನ್ನು ಎಸೆಯಬೇಡಿ. ಬಟ್ಟೆಯ ಮೇಲೆ ತೆಳ್ಳಗೆ ಹರವಿ ಬಿಸಿಲಿಗಿಡಿ. ಮಳೆಗಾಲದಲ್ಲಿ ನಮ್ಮ ಕಡೆ ಬಿಸಿಲಿನ ಮಾತೇ ಇಲ್ಲ, ಆಗ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಒಣಗಿಸಿ. ಬಣ್ಣ ಕೆಂಪಾಗಬಾರದು. ಬೆರಳಲ್ಲಿ ಉಜ್ಜಿದರೆ ಮರಳಿನಂತೆ ಉದುರಬೇಕು. ಪೂರ್ತಿ ಆರಿದ ಮೇಲೆ ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ ಜರಡಿ ಹಿಡಿಯಿರಿ. ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಇದೇ ಅಂಗಡಿಯವರು ದುಬಾರಿ ಬೆಲೆಗೆ ಮಾರುವ ಕೋಕನಟ್ ಫ್ಲೋರ್.

ಇದು ನೀರನ್ನು ವಿಪರೀತ ಹೀರುತ್ತದೆ. ಹಾಗಾಗಿ ಒಂದು ಕಪ್ ಬಾದಾಮಿ ಹಿಟ್ಟು ಅಂತ ಬರೆದಿದ್ದರೆ ಕಾಯಿ ಹಿಟ್ಟನ್ನು ಕಾಲು ಕಪ್ಪಿನಿಂದ ಶುರು ಮಾಡಿ. ರೊಟ್ಟಿಗೆ ಅರ್ಧ ಕಪ್ ಕಾಯಿ ಹಿಟ್ಟು, ಎರಡು ದೊಡ್ಡ ಚಮಚ ಇಸಬ್‌ಗೋಲ್, ಒಂದು ಚಮಚ ಎಣ್ಣೆ, ಉಪ್ಪು, ಜೀರಿಗೆ, ಹಸಿಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪು. ಉಗುರುಬೆಚ್ಚಗಿನ ನೀರನ್ನು ಮುಕ್ಕಾಲು ಕಪ್ ಹಾಕಿ ಕಲಸಿ, ಸಾಲದಿದ್ದರೆ ಚಿಮುಕಿಸಿಕೊಳ್ಳಿ. ಹತ್ತು ನಿಮಿಷ ಮುಚ್ಚಿಡಿ. ಉದುರುತ್ತಿದ್ದ ಹಿಟ್ಟು ಅಷ್ಟರಲ್ಲಿ ಉಂಡೆ ಕಟ್ಟಲು ಬರುತ್ತದೆ. ಬಾಳೆ ಎಲೆಯ ಮೇಲೆ ತಟ್ಟಿ, ಎಲೆ ಸಮೇತ ಕಾವಲಿಗೆ ಮಗುಚಿ, ಎಲೆ ಬಾಡಿದ ಮೇಲೆ ಬಿಡಿಸಿ. ಅಕ್ಕಿ ರೊಟ್ಟಿಯಷ್ಟು ಗಟ್ಟಿ ಇರುವುದಿಲ್ಲ, ಉರಿ ಸಣ್ಣಗಿರಲಿ, ತಿರುವಿ ಹಾಕಲು ಅವಸರ ಬೇಡ. ಹುಚ್ಚೆಳ್ಳು ಚಟ್ನಿ ಪುಡಿ, ಬೆಣ್ಣೆ ಜೊತೆ ಕೊಟ್ಟರೆ ಮನೆಯಲ್ಲಿ ಯಾರೂ ಬೇಡ ಅನ್ನುವುದಿಲ್ಲ.

ಕಡಲೆಕಾಯಿ ಬೀಜವನ್ನೂ ಹುರಿದು ಸಿಪ್ಪೆ ತೆಗೆದು ಹೀಗೇ ಬಿಟ್ಟು ಬಿಟ್ಟು ಪುಡಿ ಮಾಡಬಹುದು. ಬಾದಾಮಿಗಿಂತ ತುಂಬಾ ಅಗ್ಗ, ಕಾರ್ಬ್ ಕೂಡ ಜಾಸ್ತಿ ಇಲ್ಲ. ವಡೆ, ಬಿಸ್ಕತ್ತಿಗೆ ಚೆನ್ನಾಗಿ ಒಗ್ಗುತ್ತದೆ.

ಅಂಟಿಗೆ ಕ್ಸಾಂಥಾನ್ ಗಮ್ ಅಂತ ಬರೆದಿರುತ್ತಾರೆ. ಅದರ ಬದಲಿಗೆ ಇಸಬ್‌ಗೋಲ್ ಸಾಕು, ಎಲ್ಲಾ ಮೆಡಿಕಲ್ ಶಾಪಿನಲ್ಲೂ ಇರುತ್ತದೆ. ಸಕ್ಕರೆ, ಬಣ್ಣ ಸೇರಿಸಿದ ಕಿತ್ತಳೆ ರುಚಿಯದ್ದು ಬೇಡ, ಬರೀ ಹೊಟ್ಟು ಕೇಳಿ ತನ್ನಿ. ಇದನ್ನು ತಿಂದ ದಿನ ನೀರು ಚೆನ್ನಾಗಿ ಕುಡಿಯಬೇಕು. ಮೊಟ್ಟೆ ತಿನ್ನದವರು ಒಂದು ಮೊಟ್ಟೆಗೆ ಒಂದು ದೊಡ್ಡ ಚಮಚ ಅಗಸೆ ಪುಡಿ, ಮೂರು ದೊಡ್ಡ ಚಮಚ ನೀರು ಕಲಸಿ ಲೋಳೆಯಾಗುವ ತನಕ ಬಿಟ್ಟು ಹಾಕಿ. ಅಗಸೆಯನ್ನು ವಾರಕ್ಕೆ ಬೇಕಾದಷ್ಟೇ ಪುಡಿ ಮಾಡಿ, ಇಟ್ಟರೆ ಕಮಟು ವಾಸನೆ ಬರುತ್ತದೆ. ಚಿಯಾ ಸಿಗದಿದ್ದರೆ ಗ್ರಂಧಿಗೆ ಅಂಗಡಿಯಲ್ಲಿ ಕಾಮಕಸ್ತೂರಿ ಬೀಜ ಕೇಳಿ. ಪಾನಕ, ಪುಡ್ಡಿಂಗಿಗೆ ಸರಿಹೋಗುತ್ತದೆ.

ಇನ್ನು ತರಕಾರಿ. ಜುಕಿನಿಗೆ ಸೀಮೆಬದನೆಕಾಯಿ. 100 ಗ್ರಾಮಿಗೆ ಐದು ಗ್ರಾಂ ಕೂಡ ಕಾರ್ಬ್ ಇಲ್ಲ. ಸಿಪ್ಪೆ ತೆಗೆಯುವಾಗ ಅಂಟು ಕೈಗೆ ಹತ್ತುತ್ತದೆ, ನೀರಿನೊಳಗೆ ಹಿಡಿದು ಹೆರೆಯಿರಿ. ಉದ್ದುದ್ದ ತುರಿದು, ಉಪ್ಪು ಹಾಕಿ ಸ್ವಲ್ಪ ಹೊತ್ತು ಬಿಟ್ಟು ಹಿಂಡಿದರೆ ಶಾವಿಗೆಯಂತೆ ಒಗ್ಗರಣೆಗೆ ಹಾಕಬಹುದು. ಹಾಸನ ಆಲೂಗಡ್ಡೆಯ ಸೀಮೆ, ಸಾಗು ಅಂದರೆ ಆಲೂಗಡ್ಡೆ ಇಲ್ಲದೆ ಕೈ ಬರುವುದಿಲ್ಲ, ಅಲ್ವಾ? ಅದರ ಜಾಗಕ್ಕೆ ನವಿಲುಕೋಸು ಹಾಕಿ ನೋಡಿ. ಕಾರ್ಬ್ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಅನ್ನಕ್ಕೆ ಹೂಕೋಸಿನ ತುರಿ ಎಲ್ಲರಿಗೂ ಗೊತ್ತಿರುವುದೇ. ನೀರು ಮಾತ್ರ ಹಾಕಬೇಡಿ, ತಟ್ಟೆ ಮುಚ್ಚದೆ ಬಾಡಿಸಿ, ಚಿತ್ರಾನ್ನದ ಗೊಜ್ಜು ಕಲಸಿ.

ಶಿರಾಟಕಿ ಅಂತ ಜಪಾನಿನ ನೂಡಲ್ಸ್ ಒಂದಿದೆ, ಕೊಂಜಾಕ್ ಗೆಡ್ಡೆಯದ್ದು. ನಮ್ಮ ಸುವರ್ಣಗೆಡ್ಡೆಯೂ ಅದೇ ಕುಲದ ಗಿಡ ಅಂತ ತಿಳಿದು ಕೆಲವರು ಅದನ್ನೇ ಬೇಯಿಸುತ್ತಾರೆ. ಕೊಂಜಾಕಿನಲ್ಲಿ ಇರುವುದು ಗ್ಲುಕೋಮನ್ನಾನ್ ಎಂಬ ನಾರು, ಸುವರ್ಣಗೆಡ್ಡೆಯಲ್ಲಿ ಇರುವುದು ಪಿಷ್ಟ. ಆ ಜಾಗಕ್ಕೆ ಬಾಳೆದಿಂಡು ಒಳ್ಳೆಯದು. ಬಿಲ್ಲೆ ಹೆಚ್ಚುವಾಗ ಪ್ರತಿ ಬಿಲ್ಲೆಗೂ ನೂಲು ಬರುತ್ತದೆ, ಅದನ್ನು ತೋರುಬೆರಳಿಗೆ ಸುತ್ತಿಕೊಳ್ಳುತ್ತಾ ತೆಗೆದುಬಿಡಿ. ಆಮೇಲೆ ಸಣ್ಣಗೆ ಹೆಚ್ಚಿ ಮಜ್ಜಿಗೆ ನೀರಿಗೆ ಹಾಕಿದರೆ ಕಪ್ಪಾಗುವುದಿಲ್ಲ. ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಕಳಲೆ ಇದೆ. ಹಸಿ ಕಳಲೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶ ಇರುವುದರಿಂದ ಹೆಚ್ಚಿ ಮೂರು ದಿನ ನೀರಲ್ಲಿಟ್ಟು, ದಿನಾ ನೀರು ಬದಲಿಸಿ, ಕೊನೆಗೆ ಕುದಿಸಿದ ನೀರನ್ನೂ ಚೆಲ್ಲಲೇಬೇಕು. ಹೊಸಬರು ಇದರಲ್ಲಿ ಅಡ್ಡದಾರಿ ಹಿಡಿಯಬೇಡಿ.

ಕ್ರೀಮ್ ಚೀಸ್ ಅಂದರೆ ಗಾಬರಿ ಬೇಡ. ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ಫ್ರಿಜ್ಜಿನಲ್ಲಿ ಸೋರಲು ಬಿಡಿ, ಬೆಳಗ್ಗೆ ಉಪ್ಪು ಹಾಕಿ ಕಡೆಯಿರಿ. ಇನ್ನೂ ಗಟ್ಟಿ ಬೇಕಿದ್ದರೆ ನಂದಿನಿ ಪನೀರನ್ನು ಎರಡು ಚಮಚ ಮೊಸರಿನ ಜೊತೆ ಮಿಕ್ಸಿಗೆ ಹಾಕಿ. ಮಯೋನೈಸ್ ಜಾಗಕ್ಕೆ ಬೆಣ್ಣೆಹಣ್ಣು. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಬೆಳೆಯುವ ಹಣ್ಣಿಗೆ ನಾವು ಸಕ್ಕರೆ ಸುರಿದು ಜ್ಯೂಸ್ ಮಾಡುತ್ತೇವೆ, ನೋಡಿದರೆ ನನಗೆ ಸಂಕಟವಾಗುತ್ತದೆ. ಹಸಿಮೆಣಸು, ಈರುಳ್ಳಿ, ನಿಂಬೆರಸ ಹಾಕಿ ಕಿವುಚಿ ಗೊಜ್ಜು ಮಾಡಿ.

ಇಷ್ಟೆಲ್ಲಾ ಶುರು ಮಾಡುವ ಮೊದಲು ಸಕ್ಕರೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರಿಗೆ ಹೇಳಲೇಬೇಕು. ಊಟದಲ್ಲಿ ಕಾರ್ಬ್ ದಿಢೀರನೆ ಇಳಿಸಿ ಔಷಧಿ ಹಾಗೇ ಮುಂದುವರಿಸಿದರೆ ಸಕ್ಕರೆ ತೀರಾ ಕೆಳಗೆ ಹೋಗಿ ಬೆವರು, ನಡುಕ, ತಲೆಸುತ್ತು ಬರಬಹುದು.

ಸಿಹಿಗೆ ಮಾತ್ರ ನಮ್ಮ ಸಂತೆಯಲ್ಲಿ ಬದಲಿ ಇಲ್ಲ. ಬೆಲ್ಲ, ಜೋನಿಬೆಲ್ಲ, ಜೇನುತುಪ್ಪ, ಖರ್ಜೂರ ಎಲ್ಲವೂ ಸಕ್ಕರೆಯೇ. ಎರಿಥ್ರಿಟಾಲ್ ಬೇಕಿದ್ದರೆ ಮಕ್ಕಳ ಕೈಲಿ ಆನ್‌ಲೈನಿನಲ್ಲಿ ತರಿಸಿಕೊಳ್ಳಿ. ಇಲ್ಲವಾದರೆ ಸ್ಟೀವಿಯಾ ಹಾಕಿ, ಗಿಡ ಸಿಕ್ಕರೆ ಕುಂಡದಲ್ಲೂ ಬರುತ್ತದೆ. ನಾಲ್ಕೆಲೆ ಹಾಲಿನಲ್ಲಿ ಕುದಿಸಿ ಸೋಸಿದರೆ ಒಂದು ಲೋಟಕ್ಕೆ ಸಾಕು, ಜಾಸ್ತಿಯಾದರೆ ಕಹಿ. ಪುಡಿ ಕೊಳ್ಳುವಾಗ ಪೊಟ್ಟಣದ ಹಿಂದೆ ಓದಿ. ಮಾಲ್ಟೋಡೆಕ್ಸ್‌ಟ್ರಿನ್ ಅಥವಾ ಡೆಕ್ಸ್‌ಟ್ರೋಸ್ (ಎರಡೂ ಕಾರ್ಬೇ) ಅಂತ ಮೊದಲ ಸಾಲಿನಲ್ಲೇ ಇದ್ದರೆ ಅಂಗಡಿಯವರಿಗೆ ವಾಪಸ್ ಕೊಟ್ಟು ಬೇರೆಯದು ಕೇಳಿ.