ಬ್ರಿಟನ್ನಿನಲ್ಲಿ ಮನೆ ಸಾಲ ಬೇಗ ತೀರಿಸೋದು: ಓವರ್‌ಪೇಮೆಂಟ್, ಕೈ ಬಿಗಿ ಹಿಡಿತ, ಮತ್ತು ಅಟ್ಟದ ಮೇಲಿನ ಸಾಮಾನು

ಊರಲ್ಲಿ ಮನೆ ಸಾಲ ಇದ್ದವರಿಗೆ ಒಂದು ಅಭ್ಯಾಸ. ಬೋನಸ್ ಬಂತು ಅಥವಾ ಚೀಟಿ ಎತ್ತಿದರು ಅಂದರೆ ಸೀದಾ ಬ್ಯಾಂಕಿಗೆ ಹೋಗಿ ಪಾರ್ಟ್ ಪೇಮೆಂಟ್ ಕಟ್ಟಿ ಬರುತ್ತಾರೆ. ಫ್ಲೋಟಿಂಗ್ ಬಡ್ಡಿಯ ಮನೆ ಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವ ಹಾಗಿಲ್ಲ ಅಂತ ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. ಬ್ರಿಟನ್ನಿನ ಲೆಕ್ಕ ಬೇರೆ. ಇಲ್ಲಿ ಕೈಗೆ ಬಂದಷ್ಟು ಕಟ್ಟುವ ಮುಂಚೆ ಮಾರ್ಗೇಜ್ (ಮನೆ ಸಾಲದ) ಆಫರ್ ಕಾಗದ ತೆಗೆದು ಒಮ್ಮೆ ಓದಬೇಕು.

ಇಲ್ಲಿ ಸಾಲ 25, 30, 35 ವರ್ಷಕ್ಕೆ ಇದ್ದರೂ ಬಡ್ಡಿ ದರ ಗಟ್ಟಿಯಾಗಿರುವುದು ಸಾಮಾನ್ಯವಾಗಿ 2 ವರ್ಷವೋ 5 ವರ್ಷವೋ ಅಷ್ಟೇ. ಅದನ್ನೇ ಎಲ್ಲರೂ 'ಡೀಲ್' ಅನ್ನುವುದು. ಡೀಲ್ ಮುಗಿದ ಮೇಲೆ ಸುಮ್ನೆ ಕೂತರೆ ಸಾಲ ತಾನಾಗಿ ಎಸ್‌ವಿಆರ್‌ಗೆ, ಅಂದರೆ ಬ್ಯಾಂಕ್ ತನ್ನಿಷ್ಟಕ್ಕೆ ಏರಿಸಿ ಇಳಿಸುವ ದರಕ್ಕೆ, ಬೀಳುತ್ತದೆ. ಅದು ಬಹುತೇಕ ಯಾವಾಗಲೂ ದುಬಾರಿ. ಡೀಲ್ ನಡೆಯುತ್ತಿರುವಾಗ ಹೆಚ್ಚಿನ ಬ್ಯಾಂಕುಗಳು, ಬಿಲ್ಡಿಂಗ್ ಸೊಸೈಟಿಗಳು (ಮನೆ ಸಾಲ ಕೊಡುವ ಸಹಕಾರಿ ಸಂಸ್ಥೆಗಳು) ವರ್ಷಕ್ಕೆ ಬಾಕಿ ಸಾಲದ 10% ವರೆಗೆ ಜಾಸ್ತಿ ಕಟ್ಟಲು ಬಿಡುತ್ತವೆ. ಅದನ್ನು ದಾಟಿದರೆ ಇಆರ್‌ಸಿ ಅನ್ನುವ ದಂಡ. ದಾಟಿದ ಮೊತ್ತದ ಮೇಲೆ ಸಾಮಾನ್ಯವಾಗಿ 1%ರಿಂದ 5% ಇರುತ್ತದೆ, ಎಷ್ಟೋ ಡೀಲ್‌ಗಳಲ್ಲಿ ವರ್ಷ ಕಳೆದ ಹಾಗೆ ಕಡಿಮೆಯಾಗುತ್ತದೆ.

ಆ 'ವರ್ಷ' ಯಾವುದು ಅನ್ನುವುದನ್ನೂ ನೋಡಿಕೊಳ್ಳಿ. ಕೆಲವರಿಗೆ ಜನವರಿಯಿಂದ ಡಿಸೆಂಬರ್, ಕೆಲವರಿಗೆ ಡೀಲ್ ಶುರುವಾದ ದಿನದಿಂದ. 10% ಯಾವುದರ ಮೇಲೆ ಅನ್ನುವುದೂ ಒಬ್ಬೊಬ್ಬರಲ್ಲಿ ಒಂದೊಂದು ಥರ.

ನಿಜ ಹೇಳಬೇಕು ಅಂದರೆ ತಿಂಗಳ ಖರ್ಚಿನಲ್ಲಿ ಮಿಗಿಸಿ ಕಟ್ಟುವವರು ಈ ಗೋಡೆಗೆ ತಲೆ ಚಚ್ಚಿಕೊಳ್ಳುವ ಸಂಭವ ಕಡಿಮೆ. 2,50,000 ಪೌಂಡ್ ಸಾಲಕ್ಕೆ ವರ್ಷಕ್ಕೆ 25,000 ಪೌಂಡ್ ಮಿತಿ. ಕೂಪನ್ ಕತ್ತರಿಸಿ, ಹಳೇ ಸೈಕಲ್ ಮಾರಿ ಅಷ್ಟು ಯಾರಿಗೂ ಆಗುವುದಿಲ್ಲ. ಸಿಕ್ಕಿಬೀಳುವವರು ಊರಲ್ಲಿ ಸೈಟ್ ಮಾರಿ ಆ ದುಡ್ಡನ್ನು ಒಟ್ಟಿಗೆ ತಂದು ಹಾಕುವವರು. ಅದೇ ಸಾಲಕ್ಕೆ 60,000 ಪೌಂಡ್ ಒಂದೇ ಸಲ ಕಟ್ಟಿದರೆ 35,000 ಮಿತಿ ದಾಟುತ್ತದೆ. ದಂಡ 3% ಅಂದುಕೊಂಡರೆ 1,050 ಪೌಂಡ್ ಹೋಯಿತು. ಅಂಥ ದೊಡ್ಡ ಮೊತ್ತವನ್ನು ಉಳಿತಾಯ ಖಾತೆಯಲ್ಲಿಟ್ಟು, ಡೀಲ್ ಮುಗಿದು ಹೊಸದಕ್ಕೆ ಸಹಿ ಹಾಕುವ ಹೊತ್ತಿಗೆ ಕಟ್ಟಿದರೆ ದಂಡದ ಮಾತೇ ಇಲ್ಲ.

ಚಿಲ್ಲರೆ ಕಟ್ಟಿದರೆ ಏನಾಗುತ್ತದೆ?

ಒಂದು ಲೆಕ್ಕ ಮಾಡೋಣ. 2,50,000 ಪೌಂಡ್ ಸಾಲ, 30 ವರ್ಷ, 4.5% ಬಡ್ಡಿ. ತಿಂಗಳ ಕಂತು ಸುಮಾರು 1,267 ಪೌಂಡ್. ಮೊದಲ ಕಂತಿನಲ್ಲಿ 937 ಪೌಂಡ್ ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು ಬರೀ 329. ಈಗ ಪ್ರತಿ ತಿಂಗಳೂ 100 ಪೌಂಡ್ ಜಾಸ್ತಿ ಹಾಕಿ. ಬಡ್ಡಿ ದರ ಅಷ್ಟೇ ಇದ್ದರೆ ಸಾಲ ಅವಧಿಗಿಂತ 4 ವರ್ಷಕ್ಕೂ ಹೆಚ್ಚು ಮುಂಚೆ ತೀರುತ್ತದೆ, ಸುಮಾರು 33,000 ಪೌಂಡ್ ಬಡ್ಡಿ ಉಳಿಯುತ್ತದೆ. ದರ ಹಾಗೇ ನಿಲ್ಲುವುದಿಲ್ಲ ಅನ್ನುವುದು ನಿಜ. ಆದರೂ ಅಂದಾಜು ಸಿಕ್ಕಿತಲ್ಲ.

ಒಂದೇ ಒಂದು ಸಲ ಕಟ್ಟುವ ಚಿಲ್ಲರೆಗೂ ಬೆಲೆ ಇದೆ. ಮಗುವಿನ ಪುಷ್‌ಚೇರ್ ಮಾರಿ ಬಂದ 40 ಪೌಂಡನ್ನು ಸಾಲದ ಶುರುವಿನಲ್ಲೇ ಕಟ್ಟಿದರೆ, 30 ವರ್ಷದ ಆ ಕೊನೆಯಲ್ಲಿ ಸುಮಾರು 154 ಪೌಂಡ್ ಕಂತು ತಪ್ಪುತ್ತದೆ. ಅದೇ 40 ಪೌಂಡ್ ಕರೆಂಟ್ ಅಕೌಂಟಿನಲ್ಲಿ ಬಿದ್ದಿದ್ದರೆ ಶನಿವಾರದ ಟೇಕ್‌ಅವೇಗೆ ಹೋಗಿರುತ್ತಿತ್ತು. ಹೆಚ್ಚಿನ ಕಡೆ ಬಡ್ಡಿ ದಿನದ ಲೆಕ್ಕದಲ್ಲಿ ಬೀಳುವುದರಿಂದ ದುಡ್ಡು ಬಂದ ದಿನವೇ ಕಳಿಸುವುದು ಒಳ್ಳೆಯದು. ನನ್ನ ಪ್ರಕಾರ ಇಡೀ ವಿಷಯದ ಗುಟ್ಟು ಇಷ್ಟೇ. ತಿಂಗಳ ಕೊನೆಗೆ ನೋಡೋಣ ಅಂತ ಬಿಟ್ಟ ದುಡ್ಡು ತಿಂಗಳ ಕೊನೆಗೆ ಇರುವುದಿಲ್ಲ.

ಕಟ್ಟುವುದು ಸುಲಭ. ಕೆಲವು ಬ್ಯಾಂಕುಗಳಲ್ಲಿ ಆ್ಯಪ್‌ನಲ್ಲೇ ಆಗುತ್ತದೆ. ಇಲ್ಲದಿದ್ದರೆ ಅವರ ಸಾರ್ಟ್ ಕೋಡ್, ಖಾತೆ ಸಂಖ್ಯೆ, ನಿಮ್ಮ ಮಾರ್ಗೇಜ್ ನಂಬರನ್ನು ರೆಫರೆನ್ಸ್ ಆಗಿ ಹಾಕಿ ಟ್ರಾನ್ಸ್‌ಫರ್ ಮಾಡಬಹುದು, ಸ್ಟ್ಯಾಂಡಿಂಗ್ ಆರ್ಡರ್ ಇಡಬಹುದು. ಇಲ್ಲೊಂದು ಮರೆಯಬಾರದ ಸಂಗತಿ ಇದೆ. ಕೆಲವು ಬ್ಯಾಂಕುಗಳು ನೀವು ಜಾಸ್ತಿ ಕಟ್ಟಿದ ತಕ್ಷಣ ಮುಂದಿನ ಕಂತನ್ನೇ ಇಳಿಸಿಬಿಡುತ್ತವೆ, ಅವಧಿ ಹಾಗೇ ಉಳಿಯುತ್ತದೆ. ನಿಮಗೆ ಬೇಕಿರುವುದು ಅವಧಿ ಇಳಿಯುವುದು, ಅಲ್ವಾ? ಫೋನ್ ಮಾಡಿ ಕೇಳಿ. ಕಂತು ಇಳಿದಿದ್ದರೂ ಹಳೇ ಮೊತ್ತವನ್ನೇ ಕಟ್ಟುತ್ತಾ ಹೋದರೆ ಅದೇ ಫಲ.

ಯಾರು ಈಗಲೇ ಕಟ್ಟಬಾರದು

ಮನೆಗೆ ಹಾಕಿದ ದುಡ್ಡು ಇಲ್ಲಿ ಬೇಕೆಂದಾಗ ವಾಪಸ್ ಬರುವುದಿಲ್ಲ. ವೀಸಾದ ಮೇಲೆ ಇರುವ ನಮ್ಮಂಥವರಿಗೆ ಇದು ಇಲ್ಲಿಯವರಿಗಿಂತ ದೊಡ್ಡ ವಿಷಯ. ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಕೆಲಸ ಹೋದರೆ ಹೊಸ ಸ್ಪಾನ್ಸರ್ ಹುಡುಕಿಕೊಳ್ಳಲು ಸಾಮಾನ್ಯವಾಗಿ ಸಿಗುವುದು 60 ದಿನ. ವೀಸಾ ರಿನ್ಯೂ ಮಾಡುವಾಗ ಹೆಲ್ತ್ ಸರ್‌ಚಾರ್ಜ್ ಒಂದೇ ಸಲಕ್ಕೆ ಕಟ್ಟಬೇಕು. ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776. ಗಂಡ, ಹೆಂಡತಿ, ಎರಡು ಮಕ್ಕಳು, 3 ವರ್ಷ: 10,866 ಪೌಂಡ್. ಇದಕ್ಕೆ ವೀಸಾ ಫೀ ಸೇರಿಲ್ಲ. ಐಎಲ್‌ಆರ್‌ಗೆ, ಅಂದರೆ ಇಲ್ಲೇ ಖಾಯಂ ಇರುವ ಅನುಮತಿಗೆ, ಸರ್‌ಚಾರ್ಜ್ ಇಲ್ಲ, ಆದರೆ ಫೀಯೇ ತಲೆಗೆ 3,000 ಪೌಂಡಿಗೂ ಜಾಸ್ತಿ. ಈ ದುಡ್ಡು, ಜೊತೆಗೆ ಕೆಲವು ತಿಂಗಳ ಮನೆ ಖರ್ಚು ಪಕ್ಕಕ್ಕೆ ಇಟ್ಟ ಮೇಲೆ ಓವರ್‌ಪೇಮೆಂಟ್ ಮಾತು.

ಕ್ರೆಡಿಟ್ ಕಾರ್ಡ್ ಬಾಕಿ ಇದ್ದರೆ ಮೊದಲು ಅದು. ಆಫೀಸಿನಲ್ಲಿ ನೀವು ಹಾಕಿದಷ್ಟೂ ಪೆನ್ಶನ್‌ಗೆ ಕಂಪನಿಯೂ ಸೇರಿಸುತ್ತದೆ ಅಂದರೆ ಅದನ್ನು ಪೂರ್ತಿ ತೆಗೆದುಕೊಳ್ಳಿ, ಬಿಟ್ಟಿ ದುಡ್ಡು ಬಿಡಬಾರದು. ಆಮೇಲೆ ಉಳಿತಾಯ ಖಾತೆಯ ಬಡ್ಡಿ ನೋಡಿ. 2021ರಲ್ಲಿ 1.5% ಆಸುಪಾಸಿನಲ್ಲಿ 5 ವರ್ಷಕ್ಕೆ ಫಿಕ್ಸ್ ಮಾಡಿಕೊಂಡ ಪುಣ್ಯವಂತರಿಗೆ ಡೀಲ್ ಮುಗಿಯುವ ತನಕ ಐಎಸ್‌ಎ ಅನ್ನುವ ಉಳಿತಾಯ ಖಾತೆಯಲ್ಲಿ ಕೂಡಿಟ್ಟು ಆಮೇಲೆ ಒಟ್ಟಿಗೆ ಕಟ್ಟುವುದೇ ಲಾಭವಾಗಿತ್ತು. ಐಎಸ್‌ಎ ಬಡ್ಡಿಗೆ ತೆರಿಗೆ ಇಲ್ಲ. ಮಾಮೂಲಿ ಖಾತೆಯಾದರೆ 20% ತೆರಿಗೆ ಕಟ್ಟುವವರಿಗೆ ವರ್ಷಕ್ಕೆ 1,000 ಪೌಂಡ್ ಬಡ್ಡಿ ತನಕ ತೆರಿಗೆ ಇಲ್ಲ, 40%ನವರಿಗೆ 500 ತನಕ.

'ಎನ್‌ಆರ್‌ಇ ಎಫ್‌ಡಿಯಲ್ಲಿ (ಅನಿವಾಸಿಗಳು ಭಾರತದ ಬ್ಯಾಂಕಿನಲ್ಲಿ ಇಡುವ ಠೇವಣಿ) ಇಟ್ಟರೆ ಬಡ್ಡಿ ಜಾಸ್ತಿ, ತೆರಿಗೆನೂ ಇಲ್ಲ' ಅನ್ನುವವರು ಸಿಗುತ್ತಾರೆ. ತೆರಿಗೆ ಇಲ್ಲದಿರುವುದು ಭಾರತದಲ್ಲಿ. ಬ್ರಿಟನ್ನಿನ ನಿವಾಸಿಗೆ ಆ ಬಡ್ಡಿಯೂ ಇಲ್ಲಿಯ ಲೆಕ್ಕಕ್ಕೆ ಬರುತ್ತದೆ. ಹೊಸದಾಗಿ ಬಂದವರಿಗೆ ಮೊದಲ 4 ವರ್ಷ ಒಂದು ವಿನಾಯಿತಿ ಇದೆ, ಅದನ್ನು ರಿಟರ್ನ್‌ನಲ್ಲಿ ಕೇಳಿ ಪಡೆಯಬೇಕು. ರೂಪಾಯಿ ಬೀಳುವ ಅಪಾಯ ಬೇರೆ.

ಖರ್ಚಿನಲ್ಲಿ ಎಲ್ಲಿ ಹಿಡಿಯೋದು

ಕೌನ್ಸಿಲ್ ಟ್ಯಾಕ್ಸ್‌ನಿಂದ, ಅಂದರೆ ಸ್ಥಳೀಯ ಆಡಳಿತಕ್ಕೆ ಕಟ್ಟುವ ಮನೆ ತೆರಿಗೆಯಿಂದ, ಶುರು ಮಾಡಿ. ಸಾಮಾನ್ಯವಾಗಿ ಇದನ್ನು ಏಪ್ರಿಲ್‌ನಿಂದ ಜನವರಿ ತನಕ 10 ಕಂತಿನಲ್ಲಿ ಕಟ್ಟುತ್ತೇವೆ. ಫೆಬ್ರವರಿ, ಮಾರ್ಚ್ ಖಾಲಿ. ಆ ಎರಡು ತಿಂಗಳ ದುಡ್ಡು ಎಲ್ಲಿ ಹೋಗುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಫೆಬ್ರವರಿ 1ಕ್ಕೂ ಮಾರ್ಚ್ 1ಕ್ಕೂ ಅಷ್ಟೇ ಮೊತ್ತವನ್ನು ಮಾರ್ಗೇಜ್‌ಗೆ ಹೋಗುವ ಹಾಗೆ ಮುಂಚೆಯೇ ಇಟ್ಟುಬಿಡಿ. ಹೊಟ್ಟೆ ಕಟ್ಟದೆ ಆಗುವ ಉಳಿತಾಯ ಇದೊಂದೇ. ಮನೆಯಲ್ಲಿ ದೊಡ್ಡವರು ಒಬ್ಬರೇ ಇದ್ದರೆ ಕೌನ್ಸಿಲ್ ಟ್ಯಾಕ್ಸ್‌ನಲ್ಲಿ 25% ಕಡಿತ ಇದೆ, ಆದರೆ ಅರ್ಜಿ ಹಾಕಿದರೆ ಮಾತ್ರ.

ಕಾರ್ ಇನ್ಶೂರೆನ್ಸನ್ನು ತಿಂಗಳ ಕಂತಿನಲ್ಲಿ ಕಟ್ಟಿದರೆ ಹೆಚ್ಚಿನ ಕಡೆ ಅದೂ ಬಡ್ಡಿ ಸಾಲವೇ. ರಿನ್ಯೂವಲ್‌ಗೆ ಮೂರು ನಾಲ್ಕು ವಾರ ಇರುವಾಗಲೇ ಬೇರೆ ಕಡೆ ದರ ಕೇಳಿದರೆ ಅಗ್ಗ, ಕೊನೆ ದಿನ ಕೇಳಿದರೆ ದುಬಾರಿ. ಬ್ರಾಡ್‌ಬ್ಯಾಂಡ್ ಕಾಂಟ್ರ್ಯಾಕ್ಟ್ ಮುಗಿದ ತಿಂಗಳೇ ಫೋನ್ ಮಾಡಿ 'ಬಿಟ್ಟು ಹೋಗ್ತೀನಿ' ಅನ್ನಿ. ಸಂತೆಯ ಚೌಕಾಸಿ ಇಲ್ಲಿ ಫೋನಿನಲ್ಲಿ ನಡೆಯುತ್ತದೆ, ಅಷ್ಟೇ ವ್ಯತ್ಯಾಸ.

ಟಿವಿ ಲೈಸೆನ್ಸ್ ಬಗ್ಗೆ ನಮ್ಮವರಲ್ಲಿ ಗೊಂದಲ ಜಾಸ್ತಿ. ನೆಟ್‌ಫ್ಲಿಕ್ಸ್, ಯೂಟ್ಯೂಬ್‌ನಲ್ಲಿ ಹಳೇ ವಿಡಿಯೋ ಮಾತ್ರ ನೋಡುತ್ತೀರಾ? ಬೇಡ. ಬಿಬಿಸಿ ಐಪ್ಲೇಯರ್ ಅಥವಾ ಯಾವುದೇ ಚಾನೆಲ್ಲನ್ನು ಲೈವ್ ನೋಡಿದರೆ ಬೇಕು. ಕನ್ನಡದ ನ್ಯೂಸ್ ಚಾನೆಲ್ ಲೈವ್, ಐಪಿಎಲ್ ಲೈವ್, ಮೊಬೈಲಿನಲ್ಲಿ ನೋಡಿದರೂ ಅದೇ ನಿಯಮ.

ಅಡುಗೆ ಮನೆ ವಿಷಯದಲ್ಲಿ ನಮ್ಮವರಿಗೆ ಪಾಠ ಬೇಡ. ಸೋನಾ ಮಸೂರಿ ದೊಡ್ಡ ಚೀಲ, ತೊಗರಿ ಬೇಳೆ ಇಂಡಿಯನ್ ಅಂಗಡಿಯಲ್ಲಿ, ಹಾಲು ಮೊಸರು ತರಕಾರಿ ಆಲ್ಡಿಯಲ್ಲೋ ಲಿಡ್ಲ್‌ನಲ್ಲೋ, ಸಂಜೆ ಹೊತ್ತು ಬೆಲೆ ಇಳಿಸಿದ ಹಳದಿ ಸ್ಟಿಕ್ಕರ್ ಬಿದ್ದ ಬ್ರೆಡ್ ಫ್ರೀಜರಿಗೆ. ಜಾಸ್ತಿ ಸೋರುವುದು ಅಡುಗೆಯಲ್ಲಲ್ಲ, ಅಡುಗೆ ಮಾಡದ ದಿನಗಳಲ್ಲಿ.

ಬೇಡದ ಸಾಮಾನು ಮಾರೋದು

ಊರಲ್ಲಿ ಬೇಡದ್ದನ್ನು ಮನೆಕೆಲಸದವರಿಗೆ, ನೆಂಟರ ಮಕ್ಕಳಿಗೆ ಕೊಡುತ್ತೇವೆ, ಉಳಿದದ್ದು ಹಳೇ ಪೇಪರ್ ಅಂಗಡಿಗೆ. ಬಳಸಿದ ಬಟ್ಟೆಗೆ ದುಡ್ಡು ಕೇಳುವುದು ನಮಗೆ ಮುಜುಗರ. ಇಲ್ಲಿ ಯಾರೂ ಹಾಗೆ ನೋಡುವುದಿಲ್ಲ. ಬೆಲೆಬಾಳುವ ಕಾರಿನಲ್ಲಿ ಬಂದವರೂ 3 ಪೌಂಡಿನ ಜಿಗ್‌ಸಾ ತೆಗೆದುಕೊಂಡು ಥ್ಯಾಂಕ್ಸ್ ಹೇಳಿ ಹೋಗುತ್ತಾರೆ.

ಮಕ್ಕಳ ಬಟ್ಟೆ, ಜಾಕೆಟ್, ಶೂ ಇವಕ್ಕೆ ವಿಂಟೆಡ್ ಆ್ಯಪ್ ಸರಿ. ಮಾರುವವರಿಗೆ ಫೀ ಇಲ್ಲ, ಕೊಳ್ಳುವವರು ಕಟ್ಟುತ್ತಾರೆ. ಖಾಸಗಿಯಾಗಿ ಮಾರುವವರಿಗೆ ಇಬೇ ಕೂಡ 2024ರ ಅಕ್ಟೋಬರ್‌ನಿಂದ ಫೀ ತೆಗೆದಿದೆ, ವಾಹನ ಬಿಟ್ಟು. ಇಬೇಯಲ್ಲಿ ಬೆಲೆ ಹಾಕುವ ಮುಂಚೆ 'ಸೋಲ್ಡ್ ಐಟಮ್ಸ್' ಒತ್ತಿ ನೋಡಿ. ಜನ ಕೇಳುತ್ತಿರುವ ಬೆಲೆ ಬೇರೆ, ನಿಜವಾಗಿ ಮಾರಿಹೋದ ಬೆಲೆ ಬೇರೆ. ಪೋಸ್ಟ್ ಮಾಡಿದಾಗ ಪೋಸ್ಟಾಫೀಸಿನಲ್ಲಿ ರಸೀದಿ ಕೇಳಿ ಇಟ್ಟುಕೊಳ್ಳಿ, ಅದಕ್ಕೆ ಕಾಸಿಲ್ಲ.

ಮಂಚ, ಮೇಜು, ಟ್ರಾಂಪೊಲಿನ್ ಥರದ್ದು ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ ಅಥವಾ ಗಮ್‌ಟ್ರೀಗೆ. ಫೋಟೋ ಬೆಳಕಿನಲ್ಲಿ ತೆಗೆಯಿರಿ. ಗೀಚಿದ ಜಾಗ ಇದ್ದರೆ ಅದರದ್ದೂ ಒಂದು ಫೋಟೋ ಹಾಕಿ. ಅಳತೆ ಸೆಂಟಿಮೀಟರಿನಲ್ಲಿ ಬರೆಯಿರಿ, ಇಲ್ಲದಿದ್ದರೆ ಕಾರಿಗೆ ಹಿಡಿಸುತ್ತಾ ಅಂತ ಹತ್ತು ಜನ ಕೇಳುತ್ತಾರೆ. 'ಇನ್ನೂ ಇದೆಯಾ?' ಅಂತ ಕೇಳಿ ಮಾಯವಾಗುವವರೇ ಜಾಸ್ತಿ, ಬೇಜಾರು ಬೇಡ. 'ನನ್ನ ಕೊರಿಯರ್ ಬಂದು ಕವರಿನಲ್ಲಿ ದುಡ್ಡು ಕೊಡ್ತಾನೆ, ಈ ಲಿಂಕ್ ಒತ್ತಿ' ಅಂದರೆ ಅದು ಮೋಸ. ಟ್ರಾನ್ಸ್‌ಫರ್ ಮಾಡಿದೆ ಅಂತ ಸ್ಕ್ರೀನ್‌ಶಾಟ್ ತೋರಿಸಿದರೆ ನಂಬಬೇಡಿ, ನಿಮ್ಮ ಬ್ಯಾಂಕ್ ಆ್ಯಪ್‌ನಲ್ಲಿ ದುಡ್ಡು ಕಂಡ ಮೇಲೆ ಸಾಮಾನು ಬಾಗಿಲು ದಾಟಲಿ.

ವೆಟ್ ಗ್ರೈಂಡರ್, ಇಡ್ಲಿ ಕುಕ್ಕರ್, ಸ್ಟೀಲ್ ಪಾತ್ರೆಗಳಿಗೆ ನಿಮ್ಮೂರಿನ ಕನ್ನಡ ವಾಟ್ಸಾಪ್ ಗುಂಪಿಗಿಂತ ಒಳ್ಳೆಯ ಮಾರುಕಟ್ಟೆ ಇಲ್ಲ. ಚಿಲ್ಲರೆ ಸಾಮಾನು ರಾಶಿ ಇದ್ದರೆ ಭಾನುವಾರ ಬೆಳಗ್ಗೆಯ ಕಾರ್ ಬೂಟ್ ಸೇಲ್. ನೀವು ಡಿಕ್ಕಿ ತೆಗೆಯುವ ಮುಂಚೆಯೇ ವ್ಯಾಪಾರಿಗಳು ಮುತ್ತಿಕೊಳ್ಳುತ್ತಾರೆ. ಅವರು ಕೇಳಿದ ಮೊದಲ ಬೆಲೆಗೆ ಕೊಡಬೇಡಿ. ಏನೂ ಹೋಗದಿದ್ದರೆ ಫ್ರೀಗಲ್ ಅನ್ನುವ ಸೈಟಿನಲ್ಲಿ ಪುಕ್ಕಟೆ ಹಾಕಿ, ಎಷ್ಟೋ ಕೌನ್ಸಿಲ್‌ಗಳು ದೊಡ್ಡ ಸಾಮಾನು ಎತ್ತಿಕೊಂಡು ಹೋಗಲು ದುಡ್ಡು ಕೇಳುತ್ತವೆ. ಅಂದ ಹಾಗೆ, ಬೆಂಕಿ ಸುರಕ್ಷತೆಯ ಲೇಬಲ್ ಕಿತ್ತುಹಾಕಿದ ಸೋಫಾವನ್ನು ಚಾರಿಟಿ ಅಂಗಡಿಗಳೂ ಮುಟ್ಟುವುದಿಲ್ಲ. ಆ ಲೇಬಲ್ ಕತ್ತರಿಸಬೇಡಿ.

ತೆರಿಗೆ ಬಗ್ಗೆ ಹೆದರಿಕೆ ಇದ್ದರೆ ಕೇಳಿ. 2024ರಿಂದ ಈ ಆ್ಯಪ್‌ಗಳು ವರ್ಷಕ್ಕೆ 30 ಅಥವಾ ಅದಕ್ಕಿಂತ ಜಾಸ್ತಿ ಮಾರಾಟ, ಇಲ್ಲವೇ 2,000 ಯೂರೋ, ಅಂದರೆ ಸುಮಾರು 1,700 ಪೌಂಡ್, ದಾಟಿದವರ ವಿವರವನ್ನು ಇಲ್ಲಿಯ ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿಗೆ ಕಳಿಸುತ್ತವೆ. ವಿವರ ಹೋಯಿತು ಅಂದರೆ ತೆರಿಗೆ ಬಂತು ಅಂತಲ್ಲ. ಮನೆಯಲ್ಲಿ ಬಳಸಿದ ಸಾಮಾನನ್ನು ಕೊಂಡದ್ದಕ್ಕಿಂತ ಕಡಿಮೆಗೆ ಮಾರಿದರೆ ತೆರಿಗೆ ಇಲ್ಲ. ಒಂದೇ ವಸ್ತು 6,000 ಪೌಂಡಿಗಿಂತ ಜಾಸ್ತಿಗೆ ಹೋದರೆ, ಉದಾಹರಣೆಗೆ ಅಜ್ಜಿಯ ಚಿನ್ನದ ಸೆಟ್ಟು, ಕ್ಯಾಪಿಟಲ್ ಗೇನ್ಸ್ ಪ್ರಶ್ನೆ ಬರಬಹುದು. ಊರಿಂದ ಸೀರೆ ತಂದು ಲಾಭಕ್ಕೆ ಮಾರಿದರೆ ಅದು ವ್ಯಾಪಾರ. ತೆರಿಗೆ ವರ್ಷಕ್ಕೆ 1,000 ಪೌಂಡ್ ವಹಿವಾಟು ದಾಟಿದರೆ ಎಚ್‌ಎಂಆರ್‌ಸಿಗೆ ತಿಳಿಸಬೇಕು. ವೀಸಾದಲ್ಲಿ ಇರುವವರು ಅದಕ್ಕಿಳಿಯುವ ಮುಂಚೆ ವೀಸಾ ಷರತ್ತು ಓದಿ.

ಡೀಲ್ ಮುಗಿಯುವ ಮುಂಚಿನ ತಿಂಗಳುಗಳು

ಓವರ್‌ಪೇಮೆಂಟ್‌ಗೆ ಜಾಸ್ತಿ ಬೆಲೆ ಬರುವುದು ಈಗ. ಬ್ಯಾಂಕುಗಳು ಸಾಲ ಮನೆ ಬೆಲೆಯ ಎಷ್ಟು ಶೇಕಡಾ ಅಂತ ನೋಡಿ ದರ ಹಾಕುತ್ತವೆ: 90, 85, 80, 75, 60. ಮನೆ 3,00,000 ಪೌಂಡ್, ಬಾಕಿ 2,28,000 ಅಂದರೆ 76%. ಇನ್ನು 3,000 ಕಟ್ಟಿದರೆ ಸರಿಯಾಗಿ 75%, ಇಡೀ ಸಾಲಕ್ಕೇ ಕಡಿಮೆ ದರ ಸಿಗಬಹುದು. ಅಟ್ಟ ಖಾಲಿ ಮಾಡಲು ಇದಕ್ಕಿಂತ ಒಳ್ಳೆಯ ನೆಪ ಬೇಕಾ? ಹೊಸ ದರವನ್ನು ಕೆಲವು ತಿಂಗಳ ಮುಂಚೆಯೇ ಹಿಡಿದಿಡಲು ಬಿಡುತ್ತಾರೆ. ಹಾಗಾಗಿ ಡೀಲ್ ಮುಗಿಯಲು ಆರು ತಿಂಗಳು ಇರುವಾಗಲೇ ಲೆಕ್ಕ ಹಾಕಿ.

ಕೊನೆಗೆ ಸಾಲ ತೀರುವ ದಿನ ಬಂದಾಗ ಬ್ಯಾಂಕಿನಿಂದ 'ರಿಡೆಂಪ್ಷನ್ ಸ್ಟೇಟ್‌ಮೆಂಟ್' ಕೇಳಿ. ಆ ದಿನದವರೆಗಿನ ಬಡ್ಡಿ, ಖಾತೆ ಮುಚ್ಚುವ ಫೀ ಏನಾದರೂ ಇದ್ದರೆ ಅದರಲ್ಲಿರುತ್ತದೆ. ಬೆಂಗಳೂರಿನ ಹಾಗೆ ಮೂಲ ಪತ್ರಗಳ ಕಟ್ಟು ಕೈಗೆ ಕೊಡುತ್ತಾರೆ ಅಂತ ಕಾಯಬೇಡಿ. ಇಂಗ್ಲೆಂಡ್, ವೇಲ್ಸ್‌ನಲ್ಲಿ ಮನೆ ಯಾರದ್ದು ಅನ್ನುವುದು ಲ್ಯಾಂಡ್ ರಿಜಿಸ್ಟ್ರಿಯ ಕಂಪ್ಯೂಟರಿನಲ್ಲಿರುತ್ತದೆ. ಬ್ಯಾಂಕ್ ತನ್ನ ಹಕ್ಕಿನ ನಮೂದನ್ನು ಅಲ್ಲಿಂದ ತೆಗೆಸಬೇಕು. ಕೆಲವು ವಾರ ಬಿಟ್ಟು ಸಣ್ಣ ಫೀ ಕಟ್ಟಿ ಟೈಟಲ್ ರಿಜಿಸ್ಟರ್ ಡೌನ್‌ಲೋಡ್ ಮಾಡಿ ಬ್ಯಾಂಕಿನ ಹೆಸರು ಹೋಗಿದೆಯಾ ನೋಡಿ. ಮನೆಯ ದಾಖಲೆಗೆ ಯಾರಾದರೂ ಕೈ ಹಾಕಿದರೆ ಇಮೇಲ್ ಕಳಿಸುವ ಪ್ರಾಪರ್ಟಿ ಅಲರ್ಟ್ ಅನ್ನುವ ಉಚಿತ ಸೇವೆಯೂ ಅಲ್ಲೇ ಇದೆ. ಸಾಲವಿಲ್ಲದ ಮನೆಗಳ ಮೇಲೆ ಮೋಸಗಾರರ ಕಣ್ಣು ಜಾಸ್ತಿ, ಅವತ್ತೇ ಇಮೇಲ್ ಕೊಟ್ಟು ಸೇರಿಕೊಳ್ಳಿ.