ಎಂಆರ್‌ಐ ಆಮೇಲೆ ನೋಡೋಣ, ಮೊದಲು ಕೈ ತೋರಿಸಿ

ಕೆಲವು ವರ್ಷಗಳ ಹಿಂದಿನ ಮಾತು. ಮೈಸೂರಿನ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಹೂ ಮಾರುವ ಅಮ್ಮ ಒಬ್ಬರು ಬಂದರು. "ನೋವು ಅಷ್ಟೇನಿಲ್ಲ ಸಾರ್, ಬೆರಳು ಮಾತ್ರ ಹೇಳಿದ ಮಾತು ಕೇಳ್ತಿಲ್ಲ. ಒಂದು ಮಾರು ಕಟ್ಟೋ ಹೊತ್ತಿಗೆ ಹೂವೇ ಬಾಡೋಗತ್ತೆ" ಎಂದರು. ಎಕ್ಸ್‌ರೇಯಲ್ಲಿ ಕುತ್ತಿಗೆ ಮೂಳೆ ಸವೆದಿತ್ತು. ಎಲ್ಲರಿಗೂ ಮಾಡುವ ಹಾಗೆ ಶಾಖ ಕೊಟ್ಟೆ, ಟ್ರ್ಯಾಕ್ಷನ್ ಹಾಕಿದೆ (ಅಂದರೆ ಕುತ್ತಿಗೆಯನ್ನು ಮೆಲ್ಲಗೆ ಎಳೆದು ಹಿಡಿಯುವುದು), ಕಾಲರ್ ಕಟ್ಟಿಕೊಳ್ಳಲು ಹೇಳಿದೆ.

ಮೂರನೇ ವಾರ ಒಂದು ದಿನ ಅವರು ಹೊರಡುವಾಗ ಎಡಗಾಲಿನ ಹವಾಯಿ ಚಪ್ಪಲಿ ಬಾಗಿಲ ಹತ್ತಿರ ಕಳಚಿಕೊಂಡಿತು. ಅವರಿಗೆ ಗೊತ್ತೇ ಆಗಲಿಲ್ಲ. ಬರಿಗಾಲಲ್ಲೇ ನಾಲ್ಕು ಹೆಜ್ಜೆ ಹೋದರು.

ನನ್ನ ಎದೆ ಧಸಕ್ಕೆಂದಿತು. ಒತ್ತಿಕೊಂಡಿರುವುದು ತೋಳಿಗೆ ಹೋಗುವ ನರವಲ್ಲ, ಬೆನ್ನುಹುರಿಯೇ ಇರಬೇಕು ಅನ್ನಿಸಿತು. ಅಂಥವರ ಕುತ್ತಿಗೆಗೆ ಟ್ರ್ಯಾಕ್ಷನ್ ಹಾಕಲೇಬಾರದು. ಆವತ್ತೇ ನಿಲ್ಲಿಸಿ ಬೆನ್ನುಮೂಳೆ ಸರ್ಜನ್ ಹತ್ತಿರ ಕಳಿಸಿದೆ. ಅನುಮಾನ ನಿಜವಾಗಿತ್ತು. ಆಪರೇಷನ್ ಆಯಿತು, ನಡಿಗೆ ಸರಿಹೋಯಿತು. ಬೆರಳಿನ ಹಳೆಯ ಚುರುಕು ಮಾತ್ರ ಪೂರ್ತಿ ವಾಪಸ್ ಬರಲಿಲ್ಲ.

ಆ ಬೇಜಾರಿನಲ್ಲೇ ಓದಲು ಕೂತೆ. ರಾತ್ರಿ ಊಟವಾದ ಮೇಲೆ ಒಂದು ಗಂಟೆ ಪಬ್‌ಮೆಡ್, ಅಂದರೆ ವೈದ್ಯಕೀಯ ಸಂಶೋಧನಾ ಲೇಖನಗಳನ್ನು ಹುಡುಕುವ ವೆಬ್‌ಸೈಟ್. ದುಡ್ಡು ಕೊಡಬೇಕಿಲ್ಲ, ಸಾರಾಂಶವಾದರೂ ಸಿಗುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದುಕೊಂಡೆ: ಯಾವ ವರ್ಷ, ಎಷ್ಟು ಜನ, ಏನನ್ನು ಅಳೆದರು, ಎಷ್ಟು ತಿಂಗಳು ನೋಡಿದರು. ಶುರುವಿನಲ್ಲಿ ಎಡವಿದ್ದು ಹೆಸರಿನಲ್ಲೇ. ಸ್ಪಾಂಡಿಲೋಸಿಸ್ (ಮೂಳೆ ಸವೆತ) ಅಂತ ಹುಡುಕಿದರೆ ಒಂದು ರಾಶಿ, ಮೈಲೋಪತಿ (ಬೆನ್ನುಹುರಿಯ ತೊಂದರೆ) ಅಂದರೆ ಇನ್ನೊಂದು ರಾಶಿ. ಸವೆತದಿಂದ ಬೆನ್ನುಹುರಿ ಒತ್ತಿಕೊಳ್ಳುವುದಕ್ಕೆಲ್ಲ 'ಡಿಜೆನರೇಟಿವ್ ಸರ್ವೈಕಲ್ ಮೈಲೋಪತಿ' ಎಂಬ ಒಂದೇ ಹೆಸರು ಇರಲಿ ಎಂದು ಸಂಶೋಧಕರು ಹೇಳಿದ್ದು 2015ರಲ್ಲಿ. ಅದಕ್ಕಿಂತ ಹಳೆಯದು ಬೇಕಾದರೆ ಹಳೆಯ ಹೆಸರುಗಳಲ್ಲೇ ಹುಡುಕಬೇಕು.

ಅದೇ 2015ರ ಒಂದು ಜಪಾನಿ ಅಧ್ಯಯನ ನನ್ನ ಕಣ್ಣು ತೆರೆಸಿತು. ಯಾವ ತೊಂದರೆಯೂ ಇಲ್ಲದ 1,211 ಜನರ ಕುತ್ತಿಗೆಯ ಎಂಆರ್‌ಐ ತೆಗೆದಿದ್ದರು. ಅವರಲ್ಲಿ ಶೇ. 87.6 ಮಂದಿಗೆ ಡಿಸ್ಕ್, ಅಂದರೆ ಮೂಳೆಗಳ ನಡುವಿನ ಮೆತ್ತೆ, ಉಬ್ಬಿತ್ತು! ರಿಪೋರ್ಟಿನಲ್ಲಿ 'ಬಲ್ಜ್' ಅಂತ ಓದಿ ನಿದ್ದೆಗೆಟ್ಟು ಬರುವವರಿಗೆ ಇದನ್ನು ಇವತ್ತಿಗೂ ಹೇಳುತ್ತೇನೆ. ಬರೀ ಕುತ್ತಿಗೆ ನೋವು, ತೋಳಿಗೆ ಇಳಿಯುವ ಜೋಮು ಇದ್ದರೆ ಬಹಳಷ್ಟು ಜನಕ್ಕೆ ಆಪರೇಷನ್ ಇಲ್ಲದೆಯೇ ಕೆಲವು ವಾರ, ತಿಂಗಳುಗಳಲ್ಲಿ ತಗ್ಗುತ್ತದೆ.

ಆಪರೇಷನ್ ಬಗ್ಗೆಯೂ ಓದಿದೆ, ಏಕೆಂದರೆ ಜನ ನನ್ನನ್ನೇ ಕೇಳುತ್ತಾರೆ: "ಕುತ್ತಿಗೆಯ ಮುಂದಿನಿಂದ ಮಾಡಿಸೋದಾ, ಹಿಂದಿನಿಂದಲಾ?" 2021ರಲ್ಲಿ 163 ಮೈಲೋಪತಿ ರೋಗಿಗಳ ಅಧ್ಯಯನವೊಂದು ಬಂತು. ಒಂದು ವರ್ಷದ ಮೇಲೆ ದೈಹಿಕ ಶಕ್ತಿಯ ಅಳತೆಯಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಮುಂದಿನಿಂದ ಮಾಡಿದಾಗ ನುಂಗಲು ಕಷ್ಟವಾಗುವಂಥ ತೊಂದರೆಗಳು ಮಾತ್ರ ಜಾಸ್ತಿ. ಔಷಧಿಯ ಆಸೆಯೂ ಇತ್ತು. ಎಎಲ್‌ಎಸ್ ಎಂಬ ನರದ ಕಾಯಿಲೆಗೆ ಕೊಡುವ ರಿಲುಜೋಲ್ ಮಾತ್ರೆಯನ್ನು ಆಪರೇಷನ್ ಜೊತೆ ಕೊಟ್ಟು ನೋಡಿದರು. ಆರು ತಿಂಗಳ ಲೆಕ್ಕದಲ್ಲಿ, ಬರೀ ಆಪರೇಷನ್ ಆದವರಿಗಿಂತ ಹೆಚ್ಚಿನ ಲಾಭ ಕಾಣಲಿಲ್ಲ.

ನಾನು ಕೆಲಸ ಮಾಡುವ ರೀತಿ ಬದಲಾಯಿಸಿದ್ದು ಮಾತ್ರ ಇವಕ್ಕಿಂತ ಸಣ್ಣ ವಿಷಯ. ಮೈಲೋಪತಿ ಎಷ್ಟಿದೆ ಅಂತ ಅಳೆಯಲು 18 ಅಂಕದ ಒಂದು ಪಟ್ಟಿ ಇದೆ, ಅಂಕ ಕಡಿಮೆಯಾದಷ್ಟೂ ತೊಂದರೆ ಜಾಸ್ತಿ. ಜಪಾನಿನ ಮೂಲ ಪಟ್ಟಿಯಲ್ಲಿ ಚಾಪ್‌ಸ್ಟಿಕ್ಕಿನಿಂದ ತಿನ್ನೋಕೆ ಆಗುತ್ತಾ ಅಂತ ಕೇಳುತ್ತಾರೆ. ಆಮೇಲೆ ಬದಲಿಸಿದ ಪಟ್ಟಿಯಲ್ಲಿ ಚಮಚ ಬಂತು. ನಾನು ಅದರ ಜೊತೆಗೆ, "ಅನ್ನ ಸಾರು ಕಲಸಿ ತುತ್ತು ಬಾಯಿಗೆ ಇಡುವಾಗ ಚೆಲ್ಲುತ್ತಾ?" ಅಂತ ಕೇಳುತ್ತೇನೆ. ಶರ್ಟಿನ ಗುಂಡಿ, ಸೀರೆಯ ಪಿನ್ನು, ಕಾಲಿನ ಚಪ್ಪಲಿ ವಿಚಾರಿಸುತ್ತೇನೆ. ಉಚ್ಚೆಗೆ ಅವಸರ ಆಗುತ್ತಾ ಅಂತ ಮೆಲ್ಲಗೆ ಕೇಳುತ್ತೇನೆ. ಆಮೇಲೆ ಮುಷ್ಟಿ ಕಟ್ಟಿ ಬಿಡಿಸುವ ಪರೀಕ್ಷೆ. 10 ಸೆಕೆಂಡಿಗೆ 20 ಸಲ ಆಗಬೇಕು. ಒಂದು ಗೆರೆಯ ಮೇಲೆ ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ನಡೆಸುತ್ತೇನೆ. ಎಲ್ಲ ಸೇರಿ ಐದು ನಿಮಿಷ. ಅಲ್ಲಿಯವರೆಗೂ ಎಂಆರ್‌ಐ ಫಿಲ್ಮ್ ಕವರಿನಲ್ಲೇ ಇರುತ್ತದೆ.

2017ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ, ಆ 18 ಅಂಕದ ಪಟ್ಟಿಯಲ್ಲಿ 15ಕ್ಕಿಂತ ಕಡಿಮೆ ಅಂಕ ಬಂದರೆ ಆಪರೇಷನ್ ಒಳ್ಳೆಯದು. 15ರಿಂದ 17 ಇದ್ದರೆ ಆಪರೇಷನ್ ಆಗಬಹುದು, ಇಲ್ಲವೇ ಕಣ್ಗಾವಲಿನಲ್ಲಿ ವ್ಯಾಯಾಮ. ಹದಗೆಟ್ಟರೆ ಆಪರೇಷನ್ನೇ. ನನಗೆ ಕಷ್ಟ ಅನ್ನಿಸುವುದು ಈ ಗುಂಪೇ. ಯಾರು ಹಾಗೇ ಉಳಿಯುತ್ತಾರೆ, ಯಾರು ಜಾರುತ್ತಾರೆ ಅಂತ ಮೊದಲೇ ಹೇಳುವುದು ಕಷ್ಟ, ಅಲ್ವಾ?

ಸದ್ಯ ಅಂಥವರೊಬ್ಬರು, ದರ್ಜಿ ಕೆಲಸದವರು, ನನ್ನ ಹತ್ತಿರ ಬರುತ್ತಿದ್ದಾರೆ. ಸರ್ಜನ್ ಕೂಡ ನೋಡುತ್ತಿದ್ದಾರೆ. ಹೋದ ಸಲ ಮುಷ್ಟಿ 21 ಸಲ, ಈ ಸಲ 19. ಸೂಜಿಗೆ ದಾರ ಪೋಣಿಸಿ ತೋರಿಸಿ ಅಂದೆ. ಮೂರನೇ ಸಲಕ್ಕೆ ಹೋಯಿತು. ಅವರ ಎದುರಿಗೇ ಸರ್ಜನ್‌ಗೆ ಫೋನ್ ಮಾಡಿದೆ.