ಚಿಕ್ಕಪ್ಪನ ಹಿಂದೆ ನಿಂತಿರುವ ವ್ಯಾನು

ಬೊಂಬಾಯಿಯ ಮಾಟುಂಗಾದ ನಮ್ಮ ಮನೆಯ ಲಾಫ್ಟಿನಲ್ಲಿ ಒಂದು ಬಿಸ್ಕತ್ ಡಬ್ಬಿ ಇದೆ. ಚಿಕ್ಕಪ್ಪ 1955ರಲ್ಲಿ ಬಲ್ಲಾರ್ಡ್ ಪಿಯರ್‌ನಿಂದ ಹಡಗು ಹತ್ತಿ ಇಂಗ್ಲೆಂಡಿಗೆ ಹೋದವರು. ಅಲ್ಲಿಂದ ಕಳಿಸಿದ ಫೋಟೋಗಳೆಲ್ಲ ಅದರಲ್ಲಿವೆ. ಹಿಂದೆ ‘ನಾನು ಕ್ಷೇಮ’ ಅಂತ ಬರೆದಿದ್ದಾರೆ, ತಾರೀಕು ಮಾತ್ರ ಇಲ್ಲ. ಕೋಟು ನೋಡಿ ವರ್ಷ ಹೇಳೋಣ ಅಂದರೆ ಒಂದೇ ಕೋಟನ್ನು ಹತ್ತು ವರ್ಷ ಹಾಕಿದ್ದಾರೆ! ಹಾಗಾಗಿ ನಾನು ಅವರನ್ನು ಬಿಟ್ಟು ಹಿಂದಿನ ವ್ಯಾನು ನೋಡತೊಡಗಿದೆ.

ನೀವೂ ನೋಡುವುದಾದರೆ, ಮಳೆಗಾಲದ ತೇವಕ್ಕೆ ಫೋಟೋಗಳು ಒಂದಕ್ಕೊಂದು ಅಂಟಿದ್ದರೆ ಎಳೆಯಬೇಡಿ. ನಾನು ಎಳೆದು ಚಿಕ್ಕಮ್ಮನ ಅರ್ಧ ಮುಖ ಹೋಯಿತು. ಬಿಡಿಯಾಗಿರುವುದನ್ನು ಕಿಟಕಿ ಬೆಳಕಿನಲ್ಲಿಟ್ಟು, ಫ್ಲ್ಯಾಶ್ ಇಲ್ಲದೆ ಮೊಬೈಲಿನಲ್ಲಿ ತೆಗೆದು ದೊಡ್ಡದು ಮಾಡಿ.

ಮೊದಲು ಮೂತಿ ನೋಡಿ. ಕಾರಿನ ಮುಖಕ್ಕೆ ಹಿಂದಿನಿಂದ ಡಬ್ಬ ಕಟ್ಟಿದ ಹಾಗಿದ್ದರೆ ಮೋರಿಸ್ ಮೈನರ್ ವ್ಯಾನು, 1953ರಿಂದ 1971ರದ್ದು. ಮುಂದಿನ ಗಾಜು ಎರಡು ತುಂಡಾಗಿದ್ದರೆ 1956ರೊಳಗೆ ತಯಾರಾದದ್ದು. ಮೊಂಡು ಮೂಗಿದ್ದರೆ ಬೆಡ್‌ಫೋರ್ಡ್ ಸಿಎ, 1952ರಿಂದ 1969. ಮೂಗೇ ಇಲ್ಲದೆ ಗುಂಡಗಿದ್ದರೆ ಮೋರಿಸ್ ಜೆ ಟೈಪ್, 1949ರಿಂದ 1961. ಡ್ರೈವರ್ ಬಾಗಿಲೇ ಕಾಣದಿದ್ದರೆ ಕಿತ್ತುಹೋಗಿದೆ ಅಂದುಕೊಳ್ಳಬೇಡಿ. ಈ ಕೊನೆಯ ಎರಡಕ್ಕೂ ಜಾರುವ ಬಾಗಿಲು. ಹಿಂದಕ್ಕೆ ತಳ್ಳಿಟ್ಟು ಹಾಗೇ ಓಡಿಸುತ್ತಿದ್ದರು, ನಮ್ಮ ಲೋಕಲ್ ಟ್ರೈನಿನ ಹಾಗೆ.

ನಂಬರ್ ಪ್ಲೇಟಿನ ಕೊನೆಯಲ್ಲಿ ಒಂಟಿ ಅಕ್ಷರ ಸಿಕ್ಕರೆ ಅದೃಷ್ಟ. ಎ ಅಂದರೆ 1963, ಬಿ 1964, ಸಿ 1965, ಡಿ 1966. ಎಲ್ಲ ಜಿಲ್ಲೆಗಳೂ ಇದನ್ನು ಹಿಡಿದದ್ದು 1965ಕ್ಕೆ, ಹಾಗಾಗಿ ಅಕ್ಷರ ಇಲ್ಲ ಅಂದ ಮಾತ್ರಕ್ಕೆ 1963ಕ್ಕೂ ಹಿಂದಿನದು ಅನ್ನಬೇಡಿ. ಇನ್ನೊಂದು: ಅದು ವ್ಯಾನು ರಸ್ತೆಗಿಳಿದ ವರ್ಷ, ಫೋಟೋ ತೆಗೆದದ್ದಲ್ಲ. ಫೋಟೋ ಅದಕ್ಕಿಂತ ಹಳೆಯದಲ್ಲ, ಅಷ್ಟೇ.

ನನಗೆ ಜಾಸ್ತಿ ಇಷ್ಟ ಅಂಚೆ ವ್ಯಾನು. ಮೈನರ್ ವ್ಯಾನಿನ ಹೆಡ್‌ಲೈಟು ಮಡ್‌ಗಾರ್ಡಿನ ಮೇಲೆ ಕಪ್ಪೆಗಣ್ಣಿನ ಹಾಗೆ ಎದ್ದು ನಿಂತಿದೆಯಾ? ಅದು ಅಂಚೆಯವರ ಮೊದಮೊದಲಿನದು. ಗುದ್ದಿದರೆ ಜಜ್ಜಿಹೋಗಬಾರದು ಅಂತ ಮಡ್‌ಗಾರ್ಡನ್ನು ರಬ್ಬರಿನಲ್ಲಿ ಮಾಡಿಸಿದ್ದರು. ಪಕ್ಕದಲ್ಲಿ ಕಿರೀಟ, ಅದರ ಜೊತೆ ಇ ಮತ್ತು ಆರ್ ಅಕ್ಷರ, ನಡುವೆ ಎರಡು ಗೆರೆ ಇದ್ದರೆ ಎರಡನೇ ಎಲಿಜಬೆತ್ ರಾಣಿಯ ಗುರುತು. ಅಂದರೆ 1952ರ ಈಚಿನದು. ಸ್ಕಾಟ್ಲೆಂಡಿನವರು ಇದನ್ನು ಒಪ್ಪಲಿಲ್ಲ. ನಮಗೆ ಮೊದಲನೇ ಎಲಿಜಬೆತ್ತೇ ಇರಲಿಲ್ಲ, ಎರಡನೆಯವಳು ಎಲ್ಲಿಂದ ಬಂದಳು ಅಂತ ತಕರಾರು. 1953ರಲ್ಲಿ ಎಡಿನ್‌ಬರೋದಲ್ಲಿ ಆ ಗುರುತಿದ್ದ ಅಂಚೆ ಪೆಟ್ಟಿಗೆಯನ್ನೇ ಸಿಡಿಸಿಬಿಟ್ಟರು. ಆಮೇಲೆ ಅಲ್ಲಿ ಬರೀ ಕಿರೀಟ.

ಚಿಕ್ಕಪ್ಪ ಬೊಂಬಾಯಿಗೆ ಬಂದಾಗಲೆಲ್ಲ ಗ್ಲಾಸ್ಗೋ, ಗ್ಲಾಸ್ಗೋ ಅನ್ನುತ್ತಿದ್ದರು. ಅದು ಸ್ಕಾಟ್ಲೆಂಡಿನ ಊರು. ‘ಗ್ಲಾಸ್ಗೋದ ನಮ್ಮ ಬೀದಿ’ ಅಂತ ಅವರು ತೋರಿಸುತ್ತಿದ್ದ ಫೋಟೋದಲ್ಲಿ ಅಂಚೆ ವ್ಯಾನಿದೆ. ಮೊನ್ನೆ ದೊಡ್ಡದು ಮಾಡಿ ನೋಡಿದರೆ ಇ, ಎರಡು ಗೆರೆ, ಆರ್! ಚಿಕ್ಕಮ್ಮನಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ನೋಡಿದರು.

“ಅದು ಕೊವೆಂಟ್ರಿ ಮಾರಾಯ್ತಿ. ಗ್ಲಾಸ್ಗೋಗೆ ಅವರು ಹೋದದ್ದು ಬರೀ ನಾಲ್ಕು ದಿನ.”